ಅಗ್ಗದ ಟೂಲ್ಸ್ ತಗೋಬಹುದಾ? ಮೊದಲು ಈ ಒಂದು ಪ್ರಶ್ನೆ ಕೇಳಿ

ಮೂರನೇ ಸೆಮಿಸ್ಟರ್ ಶುರುವಾದ ತಕ್ಷಣ ಎಲ್ಲರ ಫೋನಲ್ಲೂ ಒಂದೇ ತರದ ಜಾಹೀರಾತು ಬರೋಕೆ ಶುರುವಾಗುತ್ತೆ. '46 ಪೀಸ್ ಟೂಲ್ ಕಿಟ್, 85% ಆಫ್, ಇವತ್ತು ರಾತ್ರಿವರೆಗೆ ಮಾತ್ರ!' ಮಿನಿ ಪ್ರಾಜೆಕ್ಟ್ ತಲೆ ಮೇಲೆ ಕೂತಿದೆ, ಕೈಯಲ್ಲಿ ಮನೆಯಿಂದ ತಿಂಗಳ ಖರ್ಚಿಗೆ ಅಂತ ಬಂದ ದುಡ್ಡು ಬಿಟ್ರೆ ಬೇರೇನಿಲ್ಲ. ಸೀನಿಯರ್‌ಗಳನ್ನ ಕೇಳಿದ್ರೆ ಎರಡು ತರದ ಉತ್ತರ ಸಿಗುತ್ತೆ. ಒಬ್ರು, "ಅಗ್ಗದ್ದು ತಗೊಂಡ್ರೆ ದುಡ್ಡು ನೀರಿಗೆ ಹಾಕಿದ ಹಾಗೆ. ತಗೊಂಡ್ರೆ ಒಳ್ಳೆ ಕಂಪನೀದೇ ತಗೋ" ಅಂತಾರೆ. ಇನ್ನೊಬ್ರು, "ಸ್ಕ್ರೂ ತಿರುಗಿಸೋಕೆ ಯಾವ ಬ್ರ್ಯಾಂಡ್ ಮಗಾ? ಎಲ್ಲಾ ಒಂದೇ ಕಬ್ಬಿಣ" ಅಂತಾರೆ.

ಇಬ್ಬರ ಮಾತಲ್ಲೂ ಅರ್ಧರ್ಧ ನಿಜ ಇದೆ. ಯಾವ ಟೂಲಿಗೆ ಯಾರ ಮಾತು ಕೇಳ್ಬೇಕು ಅನ್ನೋದೇ ಕಷ್ಟ. ಅದಕ್ಕೆ ನಾನು ಬಳಸೋ ಒಂದು ಸುಲಭದ ಪ್ರಶ್ನೆ ಇದೆ. ಬೆಲೆ ನೋಡೋ ಮುಂಚೆ ಕೇಳ್ಕೊಳ್ಳಿ: ಈ ಟೂಲ್ ಕೈಕೊಟ್ರೆ ಏನು ಹಾಳಾಗುತ್ತೆ?

ಉತ್ತರ ಮೂರೇ ಇರೋಕೆ ಸಾಧ್ಯ. ಒಂದು, ಟೂಲ್ ಮಾತ್ರ ಹಾಳಾಗುತ್ತೆ. ಎರಡು, ಮಾಡ್ತಿರೋ ಕೆಲಸ ಹಾಳಾಗುತ್ತೆ. ಮೂರು, ನಿಮ್ಮ ಕೈಯೋ ಕಣ್ಣೋ ಹಾಳಾಗುತ್ತೆ. ಮೊದಲನೇದಾದ್ರೆ ಯೋಚನೆ ಮಾಡದೆ ಅಗ್ಗದ್ದು ತಗೊಳ್ಳಿ. ಎರಡನೇದಾದ್ರೆ ಲೆಕ್ಕ ಹಾಕಿ. ಮೂರನೇದಾದ್ರೆ ಅಗ್ಗದ ಕಡೆ ತಿರುಗಿಯೂ ನೋಡ್ಬೇಡಿ, ದುಡ್ಡಿಲ್ಲ ಅಂದ್ರೆ ಲ್ಯಾಬಿಂದ ಎರವಲು ತನ್ನಿ. ಇಷ್ಟೇ ವಿಷಯ. ಉಳಿದಿದ್ದೆಲ್ಲ ಇದರ ವಿವರಣೆ.

ಅಗ್ಗದ್ದು ಯಾಕೆ ಅಗ್ಗ?

ಒಂದು ಸ್ಪ್ಯಾನರ್ 40 ರೂಪಾಯಿಗೂ ಸಿಗುತ್ತೆ, ಅದೇ ಸೈಜಿನ ಇನ್ನೊಂದು ಅದರ ಮೂರು ಪಟ್ಟು ಬೆಲೆಗೂ ಸಿಗುತ್ತೆ. ನೋಡೋಕೆ ಎರಡೂ ಮಿಂಚ್ತವೆ. ವ್ಯತ್ಯಾಸದ ದುಡ್ಡು ಎಲ್ಲಿ ಹೋಯ್ತು?

ಸ್ವಲ್ಪ ದುಡ್ಡು ಹೆಸರಿಗೆ, ಡಬ್ಬಕ್ಕೆ, ಜಾಹೀರಾತಿಗೆ ಹೋಗುತ್ತೆ. ಅದನ್ನ ಉಳಿಸಿದ್ರೆ ನಮಗೇನೂ ನಷ್ಟ ಇಲ್ಲ. ಆದರೆ ಉಳಿದ ದುಡ್ಡು ಕಣ್ಣಿಗೆ ಕಾಣದ ನಾಲ್ಕು ಜಾಗದಲ್ಲಿ ಉಳಿಸಿರ್ತಾರೆ: ಲೋಹ, ಹೀಟ್ ಟ್ರೀಟ್‌ಮೆಂಟ್, ಅಳತೆಯ ನಿಖರತೆ ಮತ್ತು ತಪಾಸಣೆ.

ಮೆಟೀರಿಯಲ್ ಸೈನ್ಸ್ ಕ್ಲಾಸಲ್ಲಿ ಕ್ವೆಂಚಿಂಗ್, ಟೆಂಪರಿಂಗ್ ಅಂತ ಓದಿರ್ತೀವಲ್ಲ, ಪರೀಕ್ಷೆ ಮುಗಿದ ಮೇಲೆ ಅದನ್ನ ಮರೆತುಬಿಡ್ತೀವಿ. ಆದರೆ ಟೂಲ್ ಅಂಗಡಿಯ ಅರ್ಧ ರಹಸ್ಯ ಅಲ್ಲೇ ಇದೆ. ಉಕ್ಕನ್ನ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ್ರೆ ಅದು ತುಂಬಾ ಗಟ್ಟಿಯಾಗುತ್ತೆ, ಜೊತೆಗೆ ಗಾಜಿನ ಹಾಗೆ ಪೆಡಸೂ ಆಗುತ್ತೆ. ಮತ್ತೆ ಹದವಾಗಿ ಬಿಸಿ ಮಾಡಿದ್ರೆ ಗಟ್ಟಿತನ ಸ್ವಲ್ಪ ಇಳಿದು ತಾಳಿಕೆ ಬರುತ್ತೆ. ಈ 'ಹದ' ಅನ್ನೋದಕ್ಕೆ ಒಲೆ ಬೇಕು, ಟೈಮ್ ಬೇಕು, ಟೆಂಪರೇಚರ್ ಕಂಟ್ರೋಲ್ ಬೇಕು, ಮಾದರಿ ತೆಗೆದು ಪರೀಕ್ಷೆ ಮಾಡೋ ಜನ ಬೇಕು. ಒಳ್ಳೆ ಸ್ಕ್ರೂಡ್ರೈವರ್ ತುದಿ ರಾಕ್‌ವೆಲ್ ಸಿ ಸ್ಕೇಲಲ್ಲಿ 50ರ ಮೇಲಿರುತ್ತೆ. ಹದ ಕಾಣದ ಮೆತ್ತನೆ ಉಕ್ಕನ್ನ ಆ ಸ್ಕೇಲಲ್ಲಿ ಸರಿಯಾಗಿ ಅಳೆಯೋಕೂ ಆಗಲ್ಲ, ಬಿ ಸ್ಕೇಲಿಗೆ ಇಳೀಬೇಕು. ಎರಡಕ್ಕೂ ಒಂದೇ ಕ್ರೋಮ್ ಪ್ಲೇಟಿಂಗ್ ಮಾಡಿದ್ರೆ ಹೊರಗಿಂದ ಅವಳಿ ಜವಳಿ ತರ ಕಾಣ್ತವೆ.

ಹಿಡಿ ಮೇಲೆ 'ಕ್ರೋಮ್ ವೆನೇಡಿಯಂ' ಅಂತ ಬರೆದಿದ್ರೆ ಖುಷಿಪಡ್ಬೇಡಿ. ಅಕ್ಷರ ಒತ್ತೋದಕ್ಕೆ ವೆನೇಡಿಯಂ ಬೇಕಾಗಲ್ಲ.

ಟೂಲ್ ಮಾತ್ರ ಹಾಳಾಗೋ ಗುಂಪು

ಇಲ್ಲಿ ಧಾರಾಳವಾಗಿ ಅಗ್ಗದ್ದು ತಗೋಬಹುದು. ಟ್ವೀಝರ್, ಸ್ಟೀಲ್ ಸ್ಕೇಲ್, ಮೆಷರಿಂಗ್ ಟೇಪ್, ಸಣ್ಣ ಕ್ಲ್ಯಾಂಪ್, ಬ್ರಷ್, ಬಿಡಿ ಭಾಗ ಹಾಕಿಡೋ ಡಬ್ಬ, ಹ್ಯಾಕ್ಸಾ ಫ್ರೇಮ್, ಮ್ಯಾಗ್ನಿಫೈಯರ್ ಎಲ್ಲಾ ಈ ಗುಂಪಿಗೆ ಸೇರುತ್ತೆ. ಟ್ವೀಝರ್ ಬಾಗಿದ್ರೆ ಬಾಗ್ತು, ಇನ್ನೊಂದು ತಂದ್ರಾಯ್ತು. ಹ್ಯಾಕ್ಸಾದಲ್ಲಿ ಫ್ರೇಮ್ ಅಗ್ಗದ್ದಾಗಿದ್ರೂ ಪರವಾಗಿಲ್ಲ, ಬ್ಲೇಡ್ ಮಾತ್ರ ಒಳ್ಳೇದು ಹಾಕಿ. ಕತ್ತರಿಸೋದು ಬ್ಲೇಡು, ಫ್ರೇಮ್ ಅಲ್ಲ.

ಡಿಜಿಟಲ್ ಕ್ಯಾಲಿಪರ್ ಬಗ್ಗೆ ತುಂಬಾ ಜನ ಗೊಂದಲ ಮಾಡ್ಕೊಳ್ತಾರೆ. ಡಿಸ್‌ಪ್ಲೇಯಲ್ಲಿ 0.01 ಮಿ.ಮೀ. ಕಂಡ ತಕ್ಷಣ ಅಷ್ಟು ನಿಖರ ಅಂತಲ್ಲ, ಅದು ರೆಸಲ್ಯೂಷನ್ ಅಷ್ಟೇ. ಅಗ್ಗದ ಮೆಟಲ್ ಕ್ಯಾಲಿಪರ್ ಒಂದು 0.03 ಮಿ.ಮೀ. ಆಚೀಚೆ ಇರಬಹುದು ಅಂತ ಇಟ್ಕೊಳ್ಳಿ. ಇದು ಸಾಕಾ? ಕೆಲಸದ ಮೇಲೆ ಹೋಗುತ್ತೆ. 3ಡಿ ಪ್ರಿಂಟರಲ್ಲಿ 608 ಬೇರಿಂಗ್ ಕೂರಿಸೋ ಹೋಲ್ಡರ್ ಮಾಡ್ತಿದ್ದೀರಿ ಅಂದ್ರೆ, ಬೇರಿಂಗಿನ ಹೊರ ವ್ಯಾಸ 22 ಮಿ.ಮೀ. ನಮ್ಮ ಪ್ರಿಂಟರೇ 0.1 ಮಿ.ಮೀ. ಆಚೀಚೆ ಹೋಗೋದು ಮಾಮೂಲಿ. ಅಲ್ಲಿ ಕ್ಯಾಲಿಪರಿನ 0.03 ಲೆಕ್ಕಕ್ಕೇ ಬರಲ್ಲ. ಅದೇ ಬೇರಿಂಗಿಗೆ ಲೇತಲ್ಲಿ ಎಚ್7 ಫಿಟ್ಟಿನ ಹೋಲ್ ಮಾಡಿಸ್ತಿದ್ದೀರಿ ಅಂದ್ರೆ, ಇರೋ ಒಟ್ಟು ಅವಕಾಶವೇ 0.021 ಮಿ.ಮೀ. ಅಳೆಯೋ ಸಾಧನದ ತಪ್ಪೇ ಅದಕ್ಕಿಂತ ದೊಡ್ಡದಾದ್ರೆ ಅಳತೆಗೆ ಅರ್ಥ ಇಲ್ಲ. ಅಂದ್ರೆ ಒಂದೇ ಕ್ಯಾಲಿಪರ್ ಒಂದು ಕೆಲಸಕ್ಕೆ ಬೇಕಾದ್ದಕ್ಕಿಂತ ಜಾಸ್ತಿ, ಇನ್ನೊಂದಕ್ಕೆ ಕೆಲಸಕ್ಕೇ ಬಾರದ್ದು. ಬೆಲೆ ಎರಡೂ ಸಲ ಅದೇ.

ಕೆಲಸ ಹಾಳು ಮಾಡೋ ಗುಂಪು

ಯೂಟ್ಯೂಬಲ್ಲಿ ಒಂದು ಸಲಹೆ ಓಡಾಡುತ್ತೆ: ಮೊದಲು ಅಗ್ಗದ್ದು ತಗೊಳ್ಳಿ, ಅದು ಮುರಿಯೋಷ್ಟು ಬಳಸಿದ್ರೆ ಆಮೇಲೆ ಒಳ್ಳೇದು ತಗೊಳ್ಳಿ. ಕೇಳೋಕೆ ಜಾಣತನದ ಮಾತು. ಆದರೆ ಕೆಲವು ಟೂಲ್ಸ್ ತಾವು ಮುರಿಯೋ ಮುಂಚೆ ಎದುರಿಗಿರೋದನ್ನ ಮುರಿದುಹಾಕ್ತವೆ.

ಸ್ಪ್ಯಾನರ್ ತಗೊಳ್ಳಿ. 10 ಮಿ.ಮೀ. ನಟ್ಟಿಗೆ ಸ್ಪ್ಯಾನರ್ ಬಾಯಿ ಸರಿಯಾಗಿ 10.1 ಮಿ.ಮೀ. ಇದೆ ಅಂದ್ಕೊಳ್ಳಿ. ನಟ್ಟಿನ ಒಂದು ಮುಖದ ಉದ್ದ ಸುಮಾರು 5.77 ಮಿ.ಮೀ. ಸ್ವಲ್ಪ ಟ್ರಿಗನಾಮೆಟ್ರಿ ಹಾಕಿದ್ರೆ, ಸ್ಪ್ಯಾನರ್ ಬಿಗಿ ಹಿಡಿಯೋ ಮುಂಚೆ ಸುಮಾರು 1 ಡಿಗ್ರಿ ಜಾರುತ್ತೆ. ಅದೇ ಬಾಯಿ 10.5 ಮಿ.ಮೀ. ಇದ್ರೆ 5 ಡಿಗ್ರಿಗೂ ಹೆಚ್ಚು ಜಾರುತ್ತೆ. ಆಗ ಒತ್ತಡವೆಲ್ಲ ಮುಖದ ಮೇಲೆ ಹರಡೋ ಬದಲು ನಟ್ಟಿನ ಎರಡು ಮೂಲೆಗಳ ಮೇಲೆ ಬೀಳುತ್ತೆ. ಮೂಲೆ ಸವೆದು ನಟ್ ಗುಂಡಗಾಗುತ್ತೆ. ಆಮೇಲೆ ಜಗತ್ತಿನ ಅತಿ ದುಬಾರಿ ಸ್ಪ್ಯಾನರ್ ತಂದ್ರೂ ಅದನ್ನ ಬಿಚ್ಚೋಕಾಗಲ್ಲ. 60 ರೂಪಾಯಿ ಉಳಿಸಿದ್ದಕ್ಕೆ ಗ್ಯಾರೇಜಲ್ಲಿ ನಟ್ ಕತ್ತರಿಸಿ ತೆಗೆಸಬೇಕು. ಅದಕ್ಕೇ ಸಾಧ್ಯ ಇದ್ದಲ್ಲೆಲ್ಲ ರಿಂಗ್ ಸ್ಪ್ಯಾನರ್ ಬಳಸಿ. ಅದು ಆರೂ ಮೂಲೆ ಸುತ್ತ ಹಿಡಿಯುತ್ತೆ.

ಸ್ಕ್ರೂಡ್ರೈವರ್ ಕತೆಯೂ ಇದೇ. (ಕನ್ನಡ ಸಂಘದ ಪತ್ರಿಕೆ ಅಂತ 'ತಿರುಪುಳಿ' ಅಂತ ಬರೆಯೋ ಆಸೆ ನನಗೂ ಇದೆ. ಆದರೆ ಅಂಗಡಿಗೆ ಹೋಗಿ ತಿರುಪುಳಿ ಕೊಡಿ ಅಂದ್ರೆ ಉಳಿ ತಂದು ಕೊಡ್ತಾರೆ.) ಲ್ಯಾಪ್‌ಟಾಪ್ ಕೆಳಗಿನ ಸ್ಕ್ರೂ ಚಿಕ್ಕದು, ಮೆತ್ತಗಿರುತ್ತೆ. ತುದಿ ಸರಿಯಾಗಿ ಕೂರದ ಡ್ರೈವರ್ ಎರಡು ಸಲ ಜಾರಿದ್ರೆ ಸ್ಟಾರ್ ಹೋಗಿ ಗುಂಡಿ ಆಗುತ್ತೆ. ಇಲ್ಲಿ ಇನ್ನೊಂದು ವಿಷಯ ಗೊತ್ತಿರ್ಲಿ. ಎಲ್ಲಾ ಸ್ಟಾರ್ ಸ್ಕ್ರೂಗಳೂ ಒಂದೇ ಅಲ್ಲ. ಫಿಲಿಪ್ಸ್ ಬೇರೆ, ಜಪಾನಿನ ಜೆಐಎಸ್ ಬೇರೆ. ಜಪಾನಿ ವಿನ್ಯಾಸದ ಹಳೇ ಬೈಕುಗಳ ಕವರ್ ಸ್ಕ್ರೂಗೆ ಫಿಲಿಪ್ಸ್ ಹಾಕಿದ್ರೆ ತಳ ಮುಟ್ಟದೆ ಮೇಲೇಳುತ್ತೆ. ಅಲ್ಲಿ ದುಬಾರಿ ಡ್ರೈವರೂ ತಪ್ಪು ಡ್ರೈವರೇ. ಸೈಜ್ ಸರಿ ಇರೋ ಸಾಧಾರಣ ಟೂಲ್, ಸೈಜ್ ತಪ್ಪಿರೋ ಭಾರಿ ಟೂಲಿಗಿಂತ ಎಷ್ಟೋ ಮೇಲು.

ಡ್ರಿಲ್ ಬಿಟ್‌ಗಳಲ್ಲಿ ಬಣ್ಣ ನೋಡಿ ಮೋಸ ಹೋಗ್ಬೇಡಿ. ಟೈಟೇನಿಯಂ ನೈಟ್ರೈಡ್ ಕೋಟಿಂಗ್ ಚಿನ್ನದ ಬಣ್ಣಕ್ಕಿರುತ್ತೆ, ನಿಜ. ಆದರೆ ಚಿನ್ನದ ಬಣ್ಣಕ್ಕಿರೋದೆಲ್ಲ ಅದೇ ಅಲ್ಲ. ಮುಖ್ಯವಾದ್ದು ಒಳಗಿನ ಉಕ್ಕು. ಸಾದಾ ಕಾರ್ಬನ್ ಸ್ಟೀಲ್ 200-250 ಡಿಗ್ರಿ ಸೆಲ್ಸಿಯಸ್ ದಾಟ್ತಿದ್ದ ಹಾಗೆ ಹದ ಕಳ್ಕೊಂಡು ಮೆತ್ತಗಾಗುತ್ತೆ. ಎಚ್ಎಸ್ಎಸ್, ಅಂದ್ರೆ ಹೈ ಸ್ಪೀಡ್ ಸ್ಟೀಲ್, 600 ಡಿಗ್ರಿ ಹತ್ತಿರದವರೆಗೂ ಗಟ್ಟಿತನ ಉಳಿಸ್ಕೊಳ್ಳುತ್ತೆ. ಮರಕ್ಕೆ, ಪ್ಲಾಸ್ಟಿಕ್‌ಗೆ ಅಗ್ಗದ ಬಿಟ್ ಸಾಕು. ಎಂಎಸ್ ಪ್ಲೇಟಿಗೆ ತೂತು ಹಾಕ್ಬೇಕು ಅಂದ್ರೆ, ಹತ್ತು ಬಿಟ್ಟಿನ ಅಗ್ಗದ ಸೆಟ್ ಬಿಟ್ಟು, ಬೇಕಾದ ಸೈಜಿನ ಎರಡು ಒಳ್ಳೆ ಎಚ್ಎಸ್ಎಸ್ ಬಿಟ್ ಬಿಡಿಯಾಗಿ ತಗೊಳ್ಳಿ.

ನೆಲ ನಿಜವಾಗ್ಲೂ ಡೊಂಕಾಗಿದ್ರೆ?

'ಕುಣಿಯಲಾರದವಳು ನೆಲ ಡೊಂಕು ಅಂದಳು' ಅನ್ನೋ ಗಾದೆ ನಮಗೆಲ್ಲ ಗೊತ್ತು. ಲ್ಯಾಬಲ್ಲಿ ಯಾರಾದ್ರೂ ಟೂಲ್ ಸರಿ ಇಲ್ಲ ಅಂದ್ರೆ ತಕ್ಷಣ ಈ ಗಾದೆ ಹೇಳಿ ನಗ್ತೀವಿ. ಆದರೆ ನನಗೆ ಹೆದರಿಕೆ ಇರೋದು ಇದರ ಉಲ್ಟಾ ಕೇಸಿನ ಬಗ್ಗೆ. ನೆಲ ನಿಜವಾಗ್ಲೂ ಡೊಂಕಾಗಿರುತ್ತೆ, ಕುಣಿಯೋಕೆ ಬಂದ ಹೊಸಬಳು ಮಾತ್ರ ತನ್ನ ಕಾಲೇ ಸರಿ ಇಲ್ಲ ಅಂದ್ಕೊಂಡು ವಾಪಸ್ ಹೋಗ್ತಾಳೆ.

ಅನುಭವ ಇರೋ ಮೆಕ್ಯಾನಿಕ್ ಕೈಗೆ ಕೆಟ್ಟ ಟೂಲ್ ಕೊಟ್ರೆ ಎರಡೇ ನಿಮಿಷದಲ್ಲಿ "ಇದು ಸರಿ ಇಲ್ಲ" ಅಂತ ಪಕ್ಕಕ್ಕಿಡ್ತಾನೆ. ಹೊಸದಾಗಿ ಕಲಿಯೋರಿಗೆ ಹಾಗೆ ಹೇಳೋಕೆ ಗೊತ್ತಿರಲ್ಲ. ಹೋಲಿಸಿ ನೋಡೋಕೆ ಅವರ ಹತ್ರ ಹಿಂದಿನ ಅನುಭವ ಇಲ್ಲ. ಹಾಗಾಗಿ ಕೆಟ್ಟ ಟೂಲಿಂದ ಜಾಸ್ತಿ ನಷ್ಟ ಆಗೋದು ಹೊಸಬರಿಗೇ. "ಹೊಸಬರು ತಾನೆ, ಅಗ್ಗದ್ದು ಸಾಕು" ಅನ್ನೋ ಮಾತು ಕೆಲವು ಟೂಲ್ಸ್ ವಿಷಯದಲ್ಲಿ ಪೂರ್ತಿ ತಲೆಕೆಳಗು. ಮೂರು ಉದಾಹರಣೆ ಕೊಡ್ತೀನಿ.

ಮೊದಲನೇದು ಸೋಲ್ಡರಿಂಗ್ ಐರನ್. 63/37 ಸೋಲ್ಡರ್ ಕರಗೋದು 183 ಡಿಗ್ರಿಗೆ. ತುದಿ 320-350 ಡಿಗ್ರಿ ಇದ್ರೆ ಕೆಲಸ ಆರಾಮಾಗಿ ನಡೆಯುತ್ತೆ. ಕಂಟ್ರೋಲ್ ಇಲ್ಲದ ಐರನ್ ಪ್ಲಗ್ ಹಾಕಿ ಸುಮ್ನೆ ಬಿಟ್ರೆ ಬಿಸಿ ಏರ್ತಾನೇ ಹೋಗುತ್ತೆ, 400 ದಾಟಬಹುದು. ಫ್ಲಕ್ಸ್ ಕೆಲಸ ಮಾಡೋ ಮುಂಚೆಯೇ ಉರಿದುಹೋಗುತ್ತೆ, ತುದಿ ಕಪ್ಪಾಗುತ್ತೆ, ಕಪ್ಪು ತುದಿಗೆ ಸೋಲ್ಡರ್ ಅಂಟದೆ ಮುತ್ತಿನ ಹಾಗೆ ಉರುಳುತ್ತೆ. ಜಾಸ್ತಿ ಹೊತ್ತು ಒತ್ತಿ ಹಿಡಿದ್ರೆ ಪಿಸಿಬಿಯ ಪ್ಯಾಡೇ ಎದ್ದು ಬರುತ್ತೆ. ಇಷ್ಟೆಲ್ಲ ಆದ ಮೇಲೆ ಹುಡುಗರು ಹೇಳೋದೇನು? "ನನಗೆ ಸೋಲ್ಡರಿಂಗ್ ಬರಲ್ಲ ಮಗಾ, ಕೈ ನಡುಗುತ್ತೆ." ಕೈ ಸರಿಯಾಗೇ ಇರುತ್ತೆ. ಟೆಂಪರೇಚರ್ ಕಂಟ್ರೋಲ್ ಇರೋ ಒಂದು ಐರನ್ ಕೊಟ್ಟು ನೋಡಿ, ಅದೇ ಕೈ ಹತ್ತನೇ ಜಾಯಿಂಟಿಗೆ ಚೆನ್ನಾಗಿ ಮಾಡುತ್ತೆ. ಅಷ್ಟು ಬಜೆಟ್ ಇಲ್ಲ ಅಂದ್ರೆ ಸೋಲ್ಡ್ರಾನ್ ತರದ ಹೆಸರಿರೋ 25 ವ್ಯಾಟಿನ ಸಾದಾ ಐರನ್ ಸಾಕು, ಜೊತೆಗೆ ಒದ್ದೆ ಸ್ಪಂಜು, ಒಳ್ಳೆ ಸೋಲ್ಡರ್ ವೈರ್ ಇರ್ಲಿ. ಬಳಸದಾಗ ಪ್ಲಗ್ ತೆಗೆದಿಡಿ. ಪ್ಲೇಟಿಂಗ್ ಇರೋ ತುದಿಯನ್ನ ಅರದಿಂದ ಉಜ್ಜಬೇಡಿ, ಮೇಲಿನ ಕಬ್ಬಿಣದ ಪದರ ಹೋದ್ರೆ ಒಳಗಿನ ತಾಮ್ರ ಸೋಲ್ಡರಲ್ಲೇ ಕರಗಿ ಹೋಗುತ್ತೆ.

ಎರಡನೇದು ಮಲ್ಟಿಮೀಟರ್. ಎಲ್ಲರ ಬ್ಯಾಗಲ್ಲೂ ಇರೋ ಹಳದಿ ಬಣ್ಣದ 830 ಸೀರೀಸ್ ಮೀಟರ್ ಗೊತ್ತಲ್ಲ? ಬ್ಯಾಟರಿ ಚೆಕ್ ಮಾಡೋಕೆ, ಕಂಟಿನ್ಯೂಟಿಗೆ, 5 ವೋಲ್ಟ್ ಬರ್ತಿದೆಯಾ ನೋಡೋಕೆ ಅದು ಚಿನ್ನದಂಥ ಮೀಟರ್. ಆದರೆ ಅದರ ಇನ್‌ಪುಟ್ ರೆಸಿಸ್ಟೆನ್ಸ್ ಸಾಮಾನ್ಯವಾಗಿ 1 ಮೆಗಾಓಮ್. ಒಳ್ಳೆ ಮೀಟರುಗಳದ್ದು 10 ಮೆಗಾಓಮ್. ಇದರಿಂದ ಏನಾಗುತ್ತೆ ನೋಡಿ. 5 ವೋಲ್ಟಿಗೆ ಎರಡು 1 ಮೆಗಾಓಮ್ ರೆಸಿಸ್ಟರನ್ನ ಸೀರೀಸಲ್ಲಿ ಹಾಕಿ. ಮಧ್ಯದಲ್ಲಿ 2.5 ವೋಲ್ಟ್ ಬರ್ಬೇಕು. ಹಳದಿ ಮೀಟರ್ ಇಟ್ರೆ, ಅದೂ ಒಂದು 1 ಮೆಗಾಓಮ್ ರೆಸಿಸ್ಟರ್ ತರ ಕೆಳಗಿನದಕ್ಕೆ ಪ್ಯಾರಲಲ್ ಆಗಿ ಕೂರುತ್ತೆ. ಕೆಳಗಡೆ ಅರ್ಧ ಮೆಗಾಓಮ್ ಆಯ್ತು, ರೀಡಿಂಗ್ 1.67 ವೋಲ್ಟ್. 10 ಮೆಗಾಓಮ್ ಮೀಟರ್ ಇಟ್ರೆ ಸುಮಾರು 2.38 ವೋಲ್ಟ್. ಮೀಟರ್ ಸುಳ್ಳು ಹೇಳ್ತಿಲ್ಲ, ಸರ್ಕ್ಯೂಟ್ ಒಳಗೆ ತಾನೂ ಒಂದು ಭಾಗ ಆಗಿಬಿಟ್ಟಿದೆ. ಇದು ಗೊತ್ತಿದ್ರೆ ಅಗ್ಗದ ಮೀಟರಲ್ಲೇ ಆರಾಮಾಗಿ ಕೆಲಸ ಮಾಡಬಹುದು. ಗೊತ್ತಿಲ್ಲದಿದ್ರೆ ಒಂದು ರಾತ್ರಿಯಿಡೀ ಸರಿಯಾಗಿರೋ ಸರ್ಕ್ಯೂಟನ್ನೇ ಬಿಚ್ಚಿ ಜೋಡಿಸ್ತಾ ಕೂರ್ಬೇಕು.

ಮೂರನೇದು ಬ್ರೆಡ್‌ಬೋರ್ಡ್ ಮತ್ತು ಜಂಪರ್ ವೈರ್. ಇವನ್ನ ಯಾರೂ ಟೂಲ್ ಅಂತ ಎಣಿಸಲ್ಲ, ಸಿಕ್ಕಿದ್ದು ತಗೋತೀವಿ. ಬ್ರೆಡ್‌ಬೋರ್ಡ್ ಒಳಗಿನ ಸ್ಪ್ರಿಂಗ್ ಸಡಿಲ ಇದ್ರೆ ಸರ್ಕ್ಯೂಟ್ ಮುಟ್ಟಿದಾಗ ನಡೆಯುತ್ತೆ, ಬಿಟ್ಟಾಗ ನಿಲ್ಲುತ್ತೆ. ಅಗ್ಗದ ಜಂಪರ್ ವೈರ್ ಒಳಗೆ ತಾಮ್ರದ ಬದಲು ತಾಮ್ರ ಸವರಿದ ಉಕ್ಕಿನ ಎಳೆ ಇರೋದೂ ಉಂಟು. ತುಂಡು ವೈರಿನ ಎಳೆಗೆ ಅಯಸ್ಕಾಂತ ಹಿಡಿದು ನೋಡಿ, ಅಂಟಿದ್ರೆ ಉಕ್ಕು. ಸಿಗ್ನಲ್ಲಿಗೆ ಓಕೆ, ಸರ್ವೋ ಮೋಟರಿಗೆ ಕರೆಂಟ್ ಕೊಡೋಕೆ ಬೇಡ. ಕೋಡಲ್ಲಿ ಬಗ್ ಹುಡುಕ್ತಾ ಮೂರು ದಿನ ಹೋದ ಮೇಲೆ ವೈರ್ ಬದಲಾಯಿಸಿದ್ರೆ ಎಲ್ಲಾ ಸರಿಹೋದ ಕತೆ ಪ್ರತಿ ಬ್ಯಾಚಲ್ಲೂ ಇರುತ್ತೆ.

ಕೈ ಹಾಳು ಮಾಡೋ ಗುಂಪು

ಈಗ ಚೌಕಾಸಿ ಮಾಡಬಾರದ ಜಾಗಕ್ಕೆ ಬರೋಣ.

ಅದೇ ಹಳದಿ ಮೀಟರನ್ನ ಮತ್ತೆ ನೋಡಿ. 10 ಆಂಪಿಯರ್ ಸಾಕೆಟ್ ಪಕ್ಕದಲ್ಲಿ ಚಿಕ್ಕದಾಗಿ 'ಅನ್‌ಫ್ಯೂಸ್ಡ್' ಅಂತ ಬರೆದಿರುತ್ತೆ. ಅಂದ್ರೆ ಆ ದಾರಿಯಲ್ಲಿ ಫ್ಯೂಸೇ ಇಲ್ಲ. ಕರೆಂಟ್ ಅಳೆದಾದ ಮೇಲೆ ಪ್ರೋಬನ್ನ ಆ ಸಾಕೆಟಲ್ಲೇ ಮರೆತು, ಗೋಡೆಯ ಪ್ಲಗ್ಗಿಗೆ ವೋಲ್ಟೇಜ್ ನೋಡೋಣ ಅಂತ ಇಟ್ರೆ, 230 ವೋಲ್ಟಿಗೆ ನೇರ ಶಾರ್ಟ್ ಸರ್ಕ್ಯೂಟ್. ಅದು ನಡೆಯೋದು ನಿಮ್ಮ ಅಂಗೈಯಲ್ಲಿರೋ ತೆಳು ಪ್ಲಾಸ್ಟಿಕ್ ಡಬ್ಬದ ಒಳಗೆ. ಒಳ್ಳೆ ಮೀಟರುಗಳಲ್ಲಿ ಆ ಜಾಗಕ್ಕೆ ಮರಳು ತುಂಬಿದ ಸೆರಾಮಿಕ್ ಫ್ಯೂಸ್ ಇರುತ್ತೆ, ಕಿಡಿಯನ್ನ ಅಲ್ಲೇ ನಂದಿಸುತ್ತೆ. ಮೇಲೆ ಬರೆದಿರೋ 'ಕ್ಯಾಟ್ 2', 'ಕ್ಯಾಟ್ 3' ಅನ್ನೋದು ಮೀಟರನ್ನ ಎಂಥ ಲೈನಿಗೆ ಜೋಡಿಸಬಹುದು ಅಂತ ಹೇಳೋ ಐಇಸಿ 61010 ಸ್ಟ್ಯಾಂಡರ್ಡಿನ ವರ್ಗ. ಅಗ್ಗದ ಮೀಟರ್ ಮೇಲೆ ಅದನ್ನ ಬರೆದಿದ್ರೂ ನಂಬೋಕಾಗಲ್ಲ. ಹಾಗಾಗಿ ನಿಯಮ ಸರಳ: ಹಳದಿ ಮೀಟರ್ ಬ್ಯಾಟರಿಗೆ, ಅಡಾಪ್ಟರಿಗೆ. ಗೋಡೆಯ ಕರೆಂಟಿಗೆ ಲ್ಯಾಬ್ ಮೀಟರ್.

ಲೈನ್ ಟೆಸ್ಟರ್ ಇನ್ನೂ ಅಪಾಯ, ಯಾಕಂದ್ರೆ ಅದಕ್ಕೆ ನಾವು ಹೆದರೋದೇ ಇಲ್ಲ. ಅದರೊಳಗೆ ಒಂದು ನಿಯಾನ್ ಬಲ್ಬ್, ಸುಮಾರು 1 ಮೆಗಾಓಮಿನ ಒಂದು ರೆಸಿಸ್ಟರ್ ಇರುತ್ತೆ. 230 ವೋಲ್ಟನ್ನ 1 ಮೆಗಾಓಮಿಂದ ಭಾಗಿಸಿ: 0.23 ಮಿಲಿಆಂಪ್. ಅಷ್ಟು ಸಣ್ಣ ಕರೆಂಟ್ ನಮ್ಮ ಮೈ ಮೂಲಕ ಹರಿದು ಬಲ್ಬ್ ಉರಿಸುತ್ತೆ, ನಮಗೆ ಗೊತ್ತೂ ಆಗಲ್ಲ. ಅಂದ್ರೆ ಲೈವ್ ವೈರಿಗೂ ನಿಮ್ಮ ಬೆರಳಿಗೂ ನಡುವೆ ಇರೋದು ಆ ಪುಟ್ಟ ರೆಸಿಸ್ಟರಿನ ಗುಣಮಟ್ಟ. ಫುಟ್‌ಪಾತಲ್ಲಿ ಹೆಸರಿಲ್ಲದ್ದು ತಗೊಂಡು ಅಲ್ಲಿ ಉಳಿಸೋದು ಹತ್ತಿಪ್ಪತ್ತು ರೂಪಾಯಿ. ಅದೇ ಟೆಸ್ಟರಲ್ಲಿ ಬಿಗಿ ಸ್ಕ್ರೂ ತಿರುಗಿಸಿ ಹಿಡಿಯಲ್ಲಿ ಬಿರುಕು ಬಿಟ್ಟಿದ್ರಂತೂ ತಕ್ಷಣ ಬಿಸಾಕಿ.

ಎರಡು ಪಿನ್ನಿನ ಸೋಲ್ಡರಿಂಗ್ ಐರನ್ ಕೂಡ ಇಲ್ಲೇ ಬರುತ್ತೆ. ಅರ್ಥಿಂಗ್ ಇಲ್ಲದ ಐರನ್ನಲ್ಲಿ ಹೀಟರಿನ ಇನ್ಸುಲೇಷನ್ ಸೋರಿದ್ರೆ ವೋಲ್ಟೇಜ್ ತುದಿಗೆ ಬರುತ್ತೆ. ಮಾಸ್‌ಫೆಟ್ ಗೇಟ್ ಸುಡೋದಕ್ಕೆ ಅಷ್ಟು ಸಾಕು. ಸೋರಿಕೆ ಜಾಸ್ತಿ ಆದ್ರೆ ನಿಮಗೇ ಶಾಕ್. ಮೂರು ಪಿನ್ ಇರೋದನ್ನೇ ಕೇಳಿ ತಗೊಳ್ಳಿ.

ಕೊನೇದಾಗಿ ಆಂಗಲ್ ಗ್ರೈಂಡರ್. ಕಾರ್ ಮಾಡೋ ಟೀಮಿನವರು, ಬಾಜಾ ಟೀಮಿನವರು ದಯವಿಟ್ಟು ಇದನ್ನ ಎರಡು ಸಲ ಓದಿ. 100 ಮಿ.ಮೀ. ಡಿಸ್ಕ್, ನಿಮಿಷಕ್ಕೆ 11,000 ಸುತ್ತು. ಅಂಚಿನ ವೇಗ ಲೆಕ್ಕ ಹಾಕಿ: ಸೆಕೆಂಡಿಗೆ ಸುಮಾರು 57 ಮೀಟರ್, ಅಂದ್ರೆ ಗಂಟೆಗೆ 200 ಕಿಲೋಮೀಟರ್ ದಾಟುತ್ತೆ. ಡಿಸ್ಕ್ ಒಡೆದ್ರೆ ಚೂರು ಆ ವೇಗದಲ್ಲಿ ಹೊರಡುತ್ತೆ. ಒಳ್ಳೆ ಡಿಸ್ಕ್ ಮೇಲೆ ಗರಿಷ್ಠ ವೇಗ (ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್) ಮತ್ತು ಗರಿಷ್ಠ ಸುತ್ತು ಬರೆದಿರುತ್ತೆ, ನಡುವಿನ ಲೋಹದ ಉಂಗುರದ ಮೇಲೆ ಎಕ್ಸ್‌ಪೈರಿ ದಿನಾಂಕ ಇರುತ್ತೆ. ಹೌದು, ಡಿಸ್ಕಿಗೂ ಎಕ್ಸ್‌ಪೈರಿ ಇದೆ, ಅದರ ಕಣಗಳನ್ನ ಹಿಡಿದಿಡೋ ಅಂಟು ತೇವಕ್ಕೆ, ವಯಸ್ಸಿಗೆ ದುರ್ಬಲ ಆಗುತ್ತೆ. ಏನೂ ಬರೆಯದ ಡಿಸ್ಕ್ ಬೇಡ, ಗಾರ್ಡ್ ಬಿಚ್ಚಿದ ಗ್ರೈಂಡರ್ ಬೇಡ, ಕನ್ನಡಕ ಇಲ್ಲದ ಕೆಲಸ ಬೇಡವೇ ಬೇಡ.

85% ಆಫ್ ಅಂದ್ರೆ ಯಾವುದರ ಮೇಲೆ?

ಶುರುವಲ್ಲಿ ಹೇಳಿದ 46 ಪೀಸ್ ಕಿಟ್ಟಿಗೆ ಬರೋಣ. ಎಂಆರ್‌ಪಿ 2,999, ಈಗ 449 ಅಂತ ಇಟ್ಕೊಳ್ಳಿ. ನಮ್ಮ ದೇಶದಲ್ಲಿ ಪ್ಯಾಕ್ ಮಾಡಿದ ಸಾಮಾನಿನ ಮೇಲೆ ಎಂಆರ್‌ಪಿ ಹಾಕಲೇಬೇಕು ಅಂತ ಕಾನೂನಿದೆ, ಆದರೆ ಇಂಥ ಸಾಮಾನಿಗೆ ಆ ಅಂಕಿ ಎಷ್ಟು ಅಂತ ಬರೆಯೋದು ಮಾಡಿದವರೋ ಆಮದು ಮಾಡ್ಕೊಂಡವರೋ. ಯಾರೂ ಯಾವತ್ತೂ ಕೊಡದ ಬೆಲೆಯಿಂದ ಕಳೆದು ತೋರಿಸೋ ಶೇಕಡಾ ನಿಮಗೆ ಏನನ್ನೂ ಹೇಳಲ್ಲ. ಅದರ ಬದಲು ಪ್ಯಾಕೆಟ್ಟಿನ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಇದೆಯಾ ನೋಡಿ. ಅದೂ ಕಾನೂನಿನ ಪ್ರಕಾರ ಇರಲೇಬೇಕು. ಅದೇ ಇಲ್ಲ ಅಂದ್ರೆ ಸಾಮಾನು ಎಂಥದ್ದು ಅಂತ ಬೇರೆ ಹೇಳ್ಬೇಕಾ?

ಇನ್ನೊಂದು ಲೆಕ್ಕ. 449ನ್ನ 46ರಿಂದ ಭಾಗಿಸಿದ್ರೆ ಪೀಸಿಗೆ ಹತ್ತು ರೂಪಾಯಿ ಕೂಡ ಆಗಲ್ಲ, ಭಾರಿ ಅಗ್ಗ. ಆದರೆ ನಾವು ನಿಜವಾಗಿ ಬಳಸೋದು 8, 10, 12, 13ರ ಸಾಕೆಟ್, ಒಂದು ರ‍್ಯಾಚೆಟ್ ಹಿಡಿ, ಎರಡು ಬಿಟ್. ಒಟ್ಟು ಏಳು. ಹಾಗೆ ಭಾಗಿಸಿದ್ರೆ ಪೀಸಿಗೆ 64 ರೂಪಾಯಿ. ಉಳಿದ 39 ಡಬ್ಬದ ಶೃಂಗಾರ. ಜೊತೆಗೆ ಇಡೀ ಸೆಟ್ಟಿನ ಒತ್ತಡ ಬೀಳೋದು ರ‍್ಯಾಚೆಟ್ಟಿನ ಸಣ್ಣ ಹಲ್ಲುಗಳ ಮೇಲೆ, ಅದು ಹೋದ್ರೆ ಎಲ್ಲಾ 46ಕ್ಕೂ ರಜೆ. ಸೈಕಲ್, ಫರ್ನಿಚರ್, ಸಣ್ಣ ಚಾಸಿಗೆ ಇಂಥ ಸೆಟ್ ಧಾರಾಳ ಸಾಕು. ಬೈಕಿನ ಚಕ್ರದ ನಟ್ಟಿಗೆ ಅದನ್ನ ಹಾಕಿ ಮೇಲೆ ಹತ್ತಿ ನಿಲ್ಲಬೇಡಿ.

ಅಂಗಡಿಯಲ್ಲಿ ಐದು ನಿಮಿಷ

ಆನ್‌ಲೈನಲ್ಲಿ ಮುಟ್ಟಿ ನೋಡೋಕಾಗಲ್ಲ. ಬೆಂಗಳೂರಲ್ಲಿದ್ರೆ ಒಂದು ಶನಿವಾರ ಎಸ್‌ಪಿ ರೋಡಿಗೆ ಹೋಗಿ, ಬೇರೆ ಊರಲ್ಲಿದ್ರೆ ಮಾರ್ಕೆಟ್ ಹತ್ರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ. ಜೇಬಲ್ಲಿ ಒಂದು 10 ಮಿ.ಮೀ. ನಟ್, ಒಂದು ಸ್ಟಾರ್ ಸ್ಕ್ರೂ, ಒಂದು ತುಂಡು ವೈರ್ ಇರ್ಲಿ.

ಸ್ಪ್ಯಾನರನ್ನ ನಟ್ಟಿಗೆ ಹಾಕಿ ಅಲ್ಲಾಡಿಸಿ, ಕುಣಿದ್ರೆ ವಾಪಸ್ ಕೊಡಿ. ಡ್ರೈವರ್ ತುದಿಗೆ ಸ್ಕ್ರೂ ಕೂರಿಸಿ ನೋಡಿ, ಸಡಿಲ ಇಲ್ಲದೆ ತಳದವರೆಗೆ ಕೂರಬೇಕು. ಕಟಿಂಗ್ ಪ್ಲೈಯರಿನ ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ, ಧಾರ ಇರೋ ಕಡೆ ಬೆಳಕು ಕಾಣಬಾರದು. ವೈರಿನ ಒಂದೇ ಎಳೆ ಕತ್ತರಿಸಿ, ಜಗಿದ ಹಾಗಾದ್ರೆ ಬೇಡ. ಕ್ಯಾಲಿಪರ್ ಮುಚ್ಚಿದಾಗ ಸೊನ್ನೆ ಬರ್ಬೇಕು, ಐದು ಸಲ ತೆಗೆದು ಮುಚ್ಚಿದ್ರೂ ಸೊನ್ನೆಯೇ ಬರ್ಬೇಕು. ಮೀಟರಿನ ಪ್ರೋಬ್‌ಗಳನ್ನ ಒಂದಕ್ಕೊಂದು ತಾಗಿಸಿ ವೈರ್ ಅಲ್ಲಾಡಿಸಿ, ರೀಡಿಂಗ್ ಹಾರಾಡಬಾರದು. ಸುತ್ತಿಗೆಯ ತಲೆ ಹಿಡಿದು ಜಗ್ಗಿ, ಮಿಸುಕಿದ್ರೆ ಅದು ಕೈ ಹಾಳು ಮಾಡೋ ಗುಂಪಿನದ್ದು.

"ಅಣ್ಣಾ, ಒಂದ್ಸಲ ಚೆಕ್ ಮಾಡ್ಲಾ?" ಅಂತ ಕೇಳಿದ್ರೆ ಯಾವ ಅಂಗಡಿಯವರೂ ಬೇಜಾರು ಮಾಡ್ಕೊಳ್ಳಲ್ಲ. ಬೇಜಾರು ಮಾಡ್ಕೊಂಡ್ರೆ ಪಕ್ಕದ ಅಂಗಡಿ ಇದೆ.

ಸೆಕೆಂಡ್ ಹ್ಯಾಂಡ್ ಕೂಡ ಮರೀಬೇಡಿ. ಅಗ್ಗದ ಹೊಸ ಸ್ಪ್ಯಾನರಿಗಿಂತ ಗುಜರಿಯಲ್ಲಿ ಸಿಗೋ ಹೆಸರಿರೋ ಕಂಪನಿಯ ಹಳೇ ಸ್ಪ್ಯಾನರ್ ಎಷ್ಟೋ ಸಲ ಮೇಲು. ತುಕ್ಕು ಉಜ್ಜಿದ್ರೆ ಹೋಗುತ್ತೆ, ಉಕ್ಕಿನ ಹದ ಹೋಗಲ್ಲ. ಬಾಯಿ ಅಗಲ ಆಗಿಲ್ಲ ಅಂತ ಮಾತ್ರ ನಟ್ ಹಾಕಿ ನೋಡಿ.

ದುಡ್ಡು ಇರೋದೇ ಇಷ್ಟು ಅಂದ್ರೆ

ಒಳ್ಳೇದು ತಗೊಳ್ಳಿ ಅಂತ ಹೇಳೋದು ಸುಲಭ. ಹಾಸ್ಟೆಲಲ್ಲಿ ತಿಂಗಳ ಕೊನೇ ವಾರ ಟೀಗೂ ಲೆಕ್ಕ ಹಾಕೋರಿಗೆ ಅದು ಉಪದೇಶದ ತರ ಕೇಳ್ಸುತ್ತೆ. ಆದರೆ ಒಂದು ವಿಷಯ ನೋಡಿ. ಒಂದು ರೂಮಲ್ಲಿ ನಾಲ್ಕು ಜನ ಇದ್ರೆ ನಾಲ್ಕು ಅಗ್ಗದ ಐರನ್, ನಾಲ್ಕು ಹಳದಿ ಮೀಟರ್ ಇರ್ತವೆ. ನಾಲ್ಕೂ ಒಂದೇ ರಾತ್ರಿ ಬಳಕೆಯಾಗೋದು ಸಬ್ಮಿಷನ್ ಹಿಂದಿನ ದಿನ ಮಾತ್ರ. ಅದೇ ನಾಲ್ಕು ಜನ 300 ರೂಪಾಯಿ ಹಾಕಿದ್ರೆ 1,200 ಆಯ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಐರನ್ನಿಗೆ ಮತ್ತು ಮೀಟರಿಗೆ ಇಡಿ, ಅವು ಕಲಿಕೆಯನ್ನೇ ಹಾಳು ಮಾಡೋ ಗುಂಪಿನವು. ಆಮೇಲೆ ಸರಿಯಾದ ಸೈಜಿನ ಎರಡು ಡ್ರೈವರ್, ಒಂದು ಕಟರ್. ಉಳಿದ ಚಿಲ್ಲರೆಯಲ್ಲಿ ಟ್ವೀಝರ್, ಡಬ್ಬ, ಟೇಪ್ ಎಲ್ಲಾ ಅಗ್ಗದ್ದೇ ತನ್ನಿ. ಟೂಲ್ಸ್ ಮೇಲೆ ಪರ್ಮನೆಂಟ್ ಮಾರ್ಕರಲ್ಲಿ ರೂಮ್ ನಂಬರ್ ಬರೆದಿಡಿ. ಯಾರು ಕೊಂಡೊಯ್ದರು ಅಂತ ಗೋಡೆ ಮೇಲೆ ಒಂದು ಚೀಟಿ ಅಂಟಿಸಿ. ಇಲ್ಲಾಂದ್ರೆ 10 ಮಿ.ಮೀ. ಸಾಕೆಟ್ ಮೊದಲ ವಾರವೇ ಮಾಯ ಆಗುತ್ತೆ, ಅದು ದುಬಾರಿಯದ್ದಾದ್ರೂ ಅಷ್ಟೇ, ಅಗ್ಗದ್ದಾದ್ರೂ ಅಷ್ಟೇ.

ಈ ಸಲ ಆಯುಧ ಪೂಜೆಗೆ ವರ್ಕ್‌ಶಾಪಲ್ಲಿ ಲೇತಿಗೆ, ವೈಸಿಗೆ ಕುಂಕುಮ ಹಚ್ಚೋವಾಗ ನಿಮ್ಮ ಡಬ್ಬವನ್ನೂ ತೆಗೆದು ಒಂದ್ಸಲ ನೋಡಿ. ತುದಿ ಸವೆದ ಡ್ರೈವರ್, ಹಿಡಿ ಬಿರುಕು ಬಿಟ್ಟ ಟೆಸ್ಟರ್, ಡೇಟ್ ಮುಗಿದ ಡಿಸ್ಕ್ ಸಿಕ್ರೆ ಪೂಜೆ ಬೇಡ, ನೇರ ಕಸದ ಬುಟ್ಟಿ. ಮತ್ತೆ ಮೊದಲನೇ ವರ್ಷದ ಹುಡುಗನೋ ಹುಡುಗಿಯೋ ಬಂದು "ಅಣ್ಣಾ, ನನ್ನ ಕೈಲಿ ಇದು ಆಗ್ತಿಲ್ಲ" ಅಂದ್ರೆ, ಗಾದೆ ಹೇಳೋ ಮುಂಚೆ ಅವರ ಕೈಯಲ್ಲಿರೋ ಟೂಲ್ ಇಸ್ಕೊಂಡು ನೀವೇ ಒಂದು ಜಾಯಿಂಟ್ ಮಾಡಿ ನೋಡಿ.